ಎರಡು ಫಾರ್ಮು, ಒಬ್ಬಳೇ ಶೇವಂತಿ

ಇದನ್ನು ಪ್ರೇಮಕಥೆ ಎಂದು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇಲ್ಲಿರುವವರು ಮದುವೆಯಾಗಿ ಏಳು ವರ್ಷ ಕಳೆದ ಗಂಡ ಹೆಂಡತಿ. ಅವರ ನಡುವೆ ಆಸ್ಪತ್ರೆಯ ಫೈಲುಗಳಿವೆ, ಇನ್ನೂ ಮಾತು ಬಾರದ ಐದು ವರ್ಷದ ಮಗಳು ಶೇವಂತಿ ಇದ್ದಾಳೆ. ಮಗುವಿನ ಕಷ್ಟ ಹೇಳುವಲ್ಲಿ ದೊಡ್ಡವರ ಪ್ರೀತಿಯ ಮಾತು ತೆಗೆಯುವುದು ಸರಿಯೋ ತಪ್ಪೋ, ನನಗೆ ಅನುಮಾನವಿದೆ. ಆದರೂ ಅಕ್ಷತಾ ಮತ್ತು ವೀರೇಶರ ಆ ಶನಿವಾರವನ್ನು ಹೇಳದೆ ಇರಲಾಗುತ್ತಿಲ್ಲ.

ಶುರುವಾದದ್ದು ಬೆಳಗಾವಿಯ ಮಕ್ಕಳ ಆಸ್ಪತ್ರೆಯಲ್ಲಿ. ಡಾಕ್ಟರಮ್ಮ ಮೇಜಿನ ಮೇಲೆ ಎರಡು ಫಾರ್ಮುಗಳನ್ನು ಅಕ್ಕಪಕ್ಕ ಇಟ್ಟು ಕೇಳಿದರು, “ಇವೆರಡೂ ಒಂದ ಕೂಸಿನವ ಏನ್ರಿ?”

ಒಂದು ಬಾಗಲಕೋಟೆಯ ಥೆರಪಿ ಸೆಂಟರಿನದು. ಅಕ್ಷತಾ ತುಂಬಿದ್ದಳು. ಅದರ ಕೆಳಗೆ ಆಟಿಸಂ ಎಂದು ಬರೆದಿತ್ತು. ಇನ್ನೊಂದು ಜಮಖಂಡಿಯದು. ವೀರೇಶ ತುಂಬಿದ್ದ. ಅದರ ಕೆಳಗೆ ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ಅತಿಚಟುವಟಿಕೆ.

ಮಗು ಕಣ್ಣಿಗೆ ಕಣ್ಣಿಟ್ಟು ನೋಡುತ್ತದೆಯೇ? ಅವಳ ಉತ್ತರ ಇಲ್ಲ, ಅವನದು ಹೌದು. ಒಂದೇ ಕಡೆ ಕೂರುತ್ತದೆಯೇ? ಅವಳದು ಗಂಟೆಗಟ್ಟಲೆ, ಅವನದು ಒಂದು ನಿಮಿಷವೂ ಇಲ್ಲ.

“ಎರಡೂ ಒಂದ ಕೂಸಿನ್ಯಾಗ ಇರಬಹುದು. ಅದೇನ ಅಪರೂಪ ಅಲ್ಲ,” ಎಂದರು ಡಾಕ್ಟರಮ್ಮ. “ಆದ್ರ ನೀವಿಬ್ರೂ ಎಂದಾದ್ರೂ ಕೂಡಿ ಕುಂತು ತುಂಬೀರೇನು?”

ಇಬ್ಬರೂ ಕೂಡಿ ಬಂದದ್ದೇ ಇದು ಮೊದಲು, ಅದೂ ಮಗ್ಗ ನಿಲ್ಲಿಸಿ. ಕೂಡಿ ಕೂರುವುದಾದರೂ ಹೇಗೆ? ಬನಹಟ್ಟಿಯ ಮನೆಯ ಹಿಂದೆ ನಾಲ್ಕು ಪಾವರ್‌ಲೂಮು. ಓಡುವ ಮಗ್ಗ ಬಿಟ್ಟು ಇಬ್ಬರೂ ಹೊರಗೆ ಹೋಗುವಂತಿಲ್ಲ. ಒಂದು ಎಳೆ ಕಡಿದದ್ದನ್ನು ನೋಡದಿದ್ದರೆ ಸೀರೆ ಕೆಟ್ಟಂತೆಯೇ. ಹಾಗಾಗಿ ಸೋಮವಾರ, ಗುರುವಾರ ಅವನು ಮಗಳನ್ನು ಬೈಕಿನಲ್ಲಿ ಜಮಖಂಡಿಗೆ ಕರೆದೊಯ್ದರೆ ಮಗ್ಗದ ಮುಂದೆ ಅವಳು. ಮಂಗಳವಾರ, ಶುಕ್ರವಾರ ಅವಳು ಬಸ್ಸಿನಲ್ಲಿ ಬಾಗಲಕೋಟೆಗೆ ಹೋದರೆ ಮಗ್ಗದ ಮುಂದೆ ಅವನು. ಮನೆಯ ಒಂದು ಗೋಡೆಗೆ ಅವಳ ಸೆಂಟರಿನ ಚಿತ್ರದ ಕಾರ್ಡುಗಳು, ಎದುರು ಗೋಡೆಗೆ ಅವನ ಸೆಂಟರಿನ ಜಿಗಿಯುವ, ಜೋಕಾಲಿ ಆಡುವ ಟೈಮ್‌ಟೇಬಲ್ಲು. ಗಂಡ ಹೆಂಡತಿಯ ಮಾತುಕತೆಯೂ ಆ ಎರಡು ಗೋಡೆಗಳ ಮೇಲಿದ್ದಷ್ಟಕ್ಕೇ ನಿಂತುಹೋಗಿತ್ತು.

ಡಾಕ್ಟರಮ್ಮ ಹೊಸ ಫಾರ್ಮು ಕೊಟ್ಟರು. ಇಬ್ಬರೂ ಕೂಡಿ ತುಂಬಿ, ಸೋಮವಾರದೊಳಗೆ ಫೋಟೊ ತೆಗೆದು ಕಳಿಸಬೇಕು.

ತಿರುಗಿ ಬರುವ ಬಸ್ಸಿನಲ್ಲಿ ವೀರೇಶ ಒಂದು ಮಾತು ಆಡಿಬಿಟ್ಟ. “ಎಂಥಾ ಕೂಸನ್ನ ತೋರಿಸ್ಕೊಂಡ ಬಂದೀ ಆ ಬಾಗಲಕೋಟಿ ಅವ್ರಿಗಿ? ನನ್ನ ಕೂಡ ಇದ್ದಾಗ ಅಕಿ ಹಂಗ ಇರೂದಿಲ್ಲ.”

ಅಕ್ಷತಾ ಕಿಟಕಿಯತ್ತ ತಿರುಗಿದಳು. ಊರು ಬರುವ ಹೊತ್ತಿಗೆ ಅವಳ ನಿರ್ಧಾರ ಆಗಿತ್ತು. ಬೀಳಗಿಯ ತವರಿಗೆ ಹೋಗಿ ಒಂದು ವರ್ಷ ಇರುವುದು. ಅಲ್ಲಿಂದ ಬಾಗಲಕೋಟೆಗೆ ದಿನಾ ಬಸ್ಸು, ದಿನಾ ಥೆರಪಿ. “ಕೂಸಿಗಿ ಛಲೋ ಆಗ್ತದರಿ ಅತ್ತಿ,” ಎಂದು ಅತ್ತೆ ಮಾದೇವಿಗೆ ಹೇಳಿದಳು. ಮಾದೇವಿ ಸೊಸೆಯ ಮುಖವನ್ನೇ ನೋಡಿದಳು. “ಕೂಸಿಗಿ ಆಗ್ತದ. ನಿಮಗ?” ಎಂದಳು. ಅಕ್ಷತಾ ಚೀಲ ಹುಡುಕಲು ಎದ್ದಳು.

ಶನಿವಾರ ನಾಲ್ಕರ ಬಸ್ಸು. ಎರಡು ಚೀಲ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಶೇವಂತಿ ಹಿತ್ತಲಲ್ಲಿ ಅಜ್ಜಿಯ ಜೊತೆಗಿದ್ದಳು. ಹನ್ನೆರಡಕ್ಕೆ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತು, ಎಲ್ಲೋ ಒಂದು ಮೇಕೆ ಒದರಿದ್ದೂ ಸ್ಪಷ್ಟವಾಗಿ ಕೇಳಿಸಿತು. ವೀರೇಶ ತಲೆಗೂದಲಲ್ಲಿ ನೂಲಿನ ಧೂಳು ಹೊತ್ತು ಒಳಗೆ ಬಂದ. ಚೀಲ ನೋಡಿದ. ನೋಡದವನಂತೆ ಕೂತ.

“ಫಾರ್ಮ್ ತಾ. ನೀ ಓದು, ನಾ ಬರೀತೇನಿ. ನಿನ್ನ ಅಕ್ಷರ ದೇವರಿಗಷ್ಟ ತಿಳೀಬೇಕು.”

“ನಿಮ್ಮ ಅಕ್ಷರಾ ಭಾಳ ಛಂದ ಅದಾವು, ಗೊತ್ತೈತಿ.”

ಚುಚ್ಚಲೆಂದೇ ಅಂದಳು. ಆದರೆ ಅದು ನಿಜವಾಗಿತ್ತು. ಮದುವೆಗೆ ಮುಂಚೆ ಅವಳು ಬೀಳಗಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ಇವನು ತರುತ್ತಿದ್ದ ಸೀರೆಗಂಟುಗಳ ಮೇಲಿನ ಚೀಟಿಯಲ್ಲಿ ಆ ಅಕ್ಷರಗಳನ್ನು ಮೊದಲು ನೋಡಿದ್ದಳು. ದುಂಡಗೆ, ನಾಚಿಕೊಂಡಂತೆ ಕೂತ ಅಕ್ಷರಗಳು. ಗಂಟು ಬಿಚ್ಚಿದ ಮೇಲೆ ಚೀಟಿ ಎಸೆಯಲು ಮನಸ್ಸು ಬರುತ್ತಿರಲಿಲ್ಲ.

“ಸಪ್ಪಳಕ್ಕೆ ಹೆದರುತ್ತದೆಯೇ?” ಓದಿದಳು.

“ಇಲ್ಲ.”

“ಕುಕ್ಕರ್ ಸೀಟಿ ಹೊಡದ್ರ ಕಿವಿ ಮುಚ್ಕೊಂಡ ಓಡ್ತಾಳ್ರಿ.”

“ನಾಕೂ ಮಗ್ಗ ಹೊಡ್ಯೂ ಮುಂದ ಹಾಯಾಗಿ ಮಲಗತಾಳಲ್ಲ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. “ಎರಡೂ ಬರೀರಿ,” ಎಂದಳು.

“ಕಣ್ಣಿಗೆ ಕಣ್ಣಿಟ್ಟು…” ಎನ್ನುವಲ್ಲಿ ಅವಳ ದನಿ ಸಣ್ಣದಾಯಿತು. “ನಿಮ್ಮನ್ನ ಖರೇನ ನೋಡತಾಳೇನ್ರಿ?”

ವೀರೇಶ ಪೆನ್ನು ಕೆಳಗಿಟ್ಟ. “ಎದುರಿಗಿ ಕುಂತ್ರ ನೋಡೂದಿಲ್ಲ. ನಾ ಮಗ್ಗದ ಆ ಕಡಿ, ಅಕಿ ಈ ಕಡಿ ಇದ್ದಾಗ, ಎಳಿ ಸಂದ್ಯಾಗಿಂದ ನೋಡತಾಳ. ಅಷ್ಟ. ಅದನ್ನ ಹೌದು ಅಂತ ಬರದೆ. ಬಸ್ಸಿನ್ಯಾಗ ನಾ ಹಂಗ ಅನಬಾರದಿತ್ತು.”

ಅವಳು ಫಾರ್ಮಿನ ಮೂಲೆ ಮಡಚಿದಳು.

“ನೀನೂ ಹಂಗ ಇದ್ದಿ ಬಿಡು. ಅಂಗಡ್ಯಾಗ ನನ್ನ ಮಾರಿ ಒಂದಿನಾ ನೋಡ್ಲಿಲ್ಲ. ಸೀರಿ ನೋಡಾಕಿ. ‘ಇಲ್ಲಿ ಎಳಿ ತಪ್ಪೇತ್ರಿ’ ಅಂತ ಬೆರಳಿಡಾಕಿ.”

“ತಪ್ಪಿರ್ತಿತ್ತು, ಅದಕ್ಕ.”

“ಮ್ಯಾಲಿನ ಸೀರೀದಷ್ಟ ಯಾಕ ತಪ್ಪಿರ್ತಿತ್ತು? ಹುಡುಕಿ ಹುಡುಕಿ ಕೆಟ್ಟ ಸೀರಿ ಮ್ಯಾಲ ಇಡ್ತಿದ್ದೆ. ಇಲ್ಲಾಂದ್ರ ನೀ ನನ್ನ ಕರೀತಿದ್ದೇನು?”

ಅಕ್ಷತಾಳ ಕೈ ಬಾಯಿಗೆ ಹೋಯಿತು. “ಏಳ ವರ್ಷ ಹೇಳಲಿಲ್ಲ! ಮಾಲಕರ ಕಡಿಂದ ನಿಮಗ ಬೈಸೀನಿ ಅಂತ ಅತ್ತಿದ್ದೆನ್ರಿ ನಾ!”

“ಅತ್ತಿದ್ದೀ?” ಎಂದ ಅವನು. ಅವನ ಕಣ್ಣು ಎಷ್ಟೋ ತಿಂಗಳ ನಂತರ ಅವಳ ಮೇಲೆ ಹಾಗೆ ನಿಂತಿತು. ಮದುವೆಯಾದ ಮೊದಲ ವರ್ಷ ಮಗ್ಗದ ಸದ್ದಿನಲ್ಲಿ ಮಾತು ಕೇಳದೆ, ಅವನ ತುಟಿ ನೋಡಿಯೇ ಅವಳು ಎಲ್ಲ ತಿಳಿಯುತ್ತಿದ್ದಳು. ಅತ್ತೆಯ ಎದುರಿಗೇ ಅವನು ಸದ್ದಿಲ್ಲದೆ ಏನೇನೋ ಅನ್ನುತ್ತಿದ್ದ. ಅವಳು ಕೆಂಪಾಗಿ ಎಳೆ ಕಟ್ಟುತ್ತಿದ್ದಳು. ಆ ದಿನಗಳು ಯಾವಾಗ ಕೈಬಿಟ್ಟವು ಎಂದು ನೆನಪಾಗಲಿಲ್ಲ.

ಕೊನೆಯ ಪ್ರಶ್ನೆ ಉಳಿದಿತ್ತು. ಪೆಟ್ಟಾದಾಗ, ಹೆದರಿದಾಗ ಮಗು ಯಾರ ಬಳಿ ಹೋಗುತ್ತದೆ?

ಅವಳು ಹಳೆಯ ಎರಡು ಫಾರ್ಮುಗಳ ಪ್ರತಿ ಬಿಡಿಸಿದಳು. ಜಮಖಂಡಿಯ ಫಾರ್ಮಿನಲ್ಲಿ ದುಂಡನೆಯ ಅಕ್ಷರದಲ್ಲಿ ಇತ್ತು: ತಾಯಿ. ಬಾಗಲಕೋಟೆಯದರಲ್ಲಿ ಅವಳ ಸೊಟ್ಟ ಅಕ್ಷರದಲ್ಲಿ: ತಂದೆ.

ವೀರೇಶ ಆ ಎರಡು ಪದಗಳ ಮೇಲೆ ಬೆರಳಿಟ್ಟ.

“ನನ್ನ ಹತ್ರ ಬರೂದಿಲ್ಲ,” ಎಂದ ವೀರೇಶ. “ನಿನ್ನ ಹತ್ರ ಹೋಗತಾಳ ಅನ್ಕೊಂಡಿದ್ದೆ. ಹೋಗ್ಲಿ, ಒಬ್ರ ಹತ್ರರ ಹೋಗತಾಳಲ್ಲ ಅಂತ. ಹೊಟ್ಟಿಕಿಚ್ಚೂ ಆಗಿತ್ತು, ಸುಳ್ಳ ಯಾಕ ಹೇಳ್ಲಿ.”

“ನಾನೂ ನಿಮ್ಮ ಹತ್ರ ಬರತಾಳ ಅನ್ಕೊಂಡಿದ್ದೆ,” ಎಂದಳು ಅಕ್ಷತಾ. ಆಮೇಲೆ ಕೇಳಿದಳು, “ಬಿದ್ದಾಗ ಆ ಮಗ್ಗದ ಹಿಂದಿನ ಗ್ವಾಡಿಗಿ ಹೋಗಿ ಬೆನ್ನ ಹಚ್ಚಿ ನಿಂದರ್ತಾಳಲ್ಲ, ನೀವು ನೋಡೀರಿ?”

“ಎಷ್ಟ ಸಲ. ನಿನಗ ಹೇಳಿದ್ರ ನೊಂದ್ಕೊಂತಿ ಅಂತ ಹೇಳಲಿಲ್ಲ.”

ಅವಳು ಅತ್ತಳು. ಅವನು ಪೆನ್ನು ತೆಗೆದುಕೊಂಡು ನಿಧಾನ ಬರೆದ. ಅವಳು ಬಗ್ಗಿ ಓದಿದಳು: ಯಾರ ಬಳಿಯೂ ಬರುವುದಿಲ್ಲ. ನಾವು ಅವಳ ಬಳಿ ಹೋಗುತ್ತೇವೆ.

“ಖರೆ ಏನ್ರಿ ಇದು? ಹೋಗ್ತೀವಿ?”

“ಇವತ್ತಿಂದ. ಬೀಳಗಿಗಿ ಹೋದ್ರೂ ಅಷ್ಟ, ನಾನೂ ಬರ್ತೇನಿ. ಎರಡ ಮಗ್ಗ ಬಂದ್ ಮಾಡ್ತೇನಿ. ಉಳದೆರಡ ಬಾಜೂ ಮನಿ ಹಣಮಪ್ಪ ಕಾಕಾ ನೋಡ್ಲಿ. ಶನಿವಾರ ರವಿವಾರ ಇಲ್ಲಿ ಅವ್ವನ ಹತ್ರ ಬರೂಣು. ಆ ಥೆರಪಿ ನಾನೂ ಕುಂತು ಕಲೀತೇನಿ.”

“ವರ್ಷಗಟ್ಲೆ ಮಾವನ ಮನ್ಯಾಗ ಕುಂತ್ರ ಮಂದಿ ಆಡ್ಕೊಂತಾರ.”

“ಆಡ್ಕೊಳ್ಳಿ. ನಿನ್ನ ಬಿಟ್ಟ ಒಂದ ವರ್ಷ ನಾ ಇರಾಂವ ಅಲ್ಲ, ಅಕ್ಷತಾ. ಇದನ್ನ ಹೇಳಾಕ ನನಗ ಒಂದು ಫಾರ್ಮ್ ಬೇಕಾತು ನೋಡು.”

ಅವಳು ಕಣ್ಣೀರಿನಲ್ಲೇ ನಕ್ಕಳು. ಕೈ ಚಾಚಿ ಅವನ ಕೂದಲಿನ ನೂಲಧೂಳು ಕೊಡವಿದಳು. ಕೈ ಹಿಂದಕ್ಕೆ ಬರಲಿಲ್ಲ, ಅವನ ಕಿವಿಯ ಬಳಿ ಹಾಗೇ ನಿಂತಿತು. ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ಶುರುವಾದವು. ವೀರೇಶ ಏಳಲಿಲ್ಲ. ನಾಲ್ಕರ ಬಸ್ಸು ಅವರನ್ನು ಬಿಟ್ಟು ಹೋಯಿತು. ಮೂವರೂ ಕೂಡಿ ಬೀಳಗಿಗೆ ಹೋದದ್ದು ಮುಂದಿನ ವಾರ.

ಬೆಳಗಾವಿಯ ಡಾಕ್ಟರಮ್ಮ ಆ ಫಾರ್ಮು ಓದಿ ಯಾವ ಹೆಸರು ಬರೆದರು, ಒಂದೋ ಎರಡೋ, ನನಗೆ ತಿಳಿಯದು. ಶೇವಂತಿಗೆ ಮಾತು ಬರುತ್ತದೆಯೇ ಎಂದು ಕೇಳಿದವರಿಗೂ ನನ್ನಲ್ಲಿ ಉತ್ತರವಿಲ್ಲ. ವಾರದ ಕೊನೆಗೆ ಬನಹಟ್ಟಿಯಲ್ಲಿ ಅವಳು ಬಿದ್ದರೆ, ಅಪ್ಪ ಅವ್ವ ಇಬ್ಬರೂ ಪಕ್ಕಕ್ಕೆ ಬಂದು ಮಗ್ಗದ ಹಿಂದಿನ ಅದೇ ಗೋಡೆಗೆ ಬೆನ್ನು ಹಚ್ಚಿ ನಿಂತಾಗ ಆ ಮಗುವಿಗೆ ಏನನ್ನಿಸುತ್ತದೆ ಎಂಬುದು ಅವರಿಬ್ಬರಿಗೂ ಇನ್ನೂ ಗೊತ್ತಾಗಿಲ್ಲ.