ಬೆಲೆ ಇಳಿಸಿದ ಕೈ

ಟವೆಲ್ಲಿನ ಅಡಿಯಲ್ಲಿ ಅವನ ಅಂಗೈ ಬೆಚ್ಚಗಿತ್ತು.

ಸುಪ್ರಿಯಾ ಅದನ್ನೆಲ್ಲ ಗಮನಿಸಲು ಬಂದವಳಲ್ಲ. ಅಪ್ಪ ಬೆಳ್ಳಪ್ಪ ಹೇಳಿಕೊಟ್ಟ ಹಾಗೆ, ಹಳೇ ಅಡಿಕೆ ವ್ಯಾಪಾರಿಗಳ ರೀತಿಯಲ್ಲಿ, ಸುತ್ತ ನಿಂತವರಿಗೆ ಬೆಲೆ ತಿಳಿಯದಂತೆ ಬೆರಳಲ್ಲೇ ಚೌಕಾಸಿ ಮಾಡಲು ಬಂದಿದ್ದಳು. ಎದುರಿಗೆ ಹರ್ಷವರ್ಧನ. ಸಾಗರದಲ್ಲಿ ಹಳೇ ಮರದ ಸಾಮಾನಿನ ಶೆಡ್ ಇಟ್ಟವನು. ತೀರ್ಥಹಳ್ಳಿ ಹತ್ತಿರ ಅವನ ಅಕ್ಕ ನಡೆಸುತ್ತಿದ್ದ ಹೋಮ್‌ಸ್ಟೇ ಮುಚ್ಚಿತ್ತು. ಅಂಗಳದ ಕುರ್ಚಿ, ಬೆಂಚುಗಳೆಲ್ಲ ಅವತ್ತು ಮಾರಾಟಕ್ಕಿದ್ದವು.

ತಾನು ಕೊಡುವ ಬೆಲೆ ಇಷ್ಟು ಎಂದು ಅವಳು ಅವನ ನಾಲ್ಕು ಬೆರಳು ಹಿಡಿದಳು.

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ನಿಧಾನವಾಗಿ ಎರಡು ಬೆರಳು ಬಿಡಿಸಿಕೊಂಡು, ಉಳಿದ ಎರಡನ್ನು ಅವಳ ಕೈಯಲ್ಲೇ ಬಿಟ್ಟ!

ಅಯ್ಯೋ... ಮಾರುವವನೇ ಬೆಲೆ ಇಳಿಸುವುದಾ?

"ಆಯ್ತಲ್ಲ? ತಗೊಂಡ್ ಹೋಗಿ," ಅಂದ. ಟವೆಲ್ ತೆಗೆದ ಮೇಲೂ ಅವನ ಕೈ ತುಸು ಹೊತ್ತು ಅಲ್ಲೇ ಇತ್ತು.

ಬೇರೆ ಹುಡುಗಿಯಾಗಿದ್ದರೆ ಖುಷಿಪಡುತ್ತಿದ್ದಳು. ಸುಪ್ರಿಯಾಗೆ ಮಾತ್ರ ಅನುಮಾನ ಬಂತು. ಬೆಳ್ಳಗಿರೋದೆಲ್ಲಾ ಹಾಲಲ್ಲ ಎಂಬುದನ್ನು ಅವರ ಮನೆ ದುಬಾರಿಯಾಗಿಯೇ ಕಲಿತಿತ್ತು. ಅಡಿಕೆ ಬೇಯಿಸಿದಾಗ ಬಿಡುವ ಕಂದು ಚೊಗರನ್ನು ಹಾಳು ಅಡಿಕೆಗೆ ಬಳಿದು, ಒಳ್ಳೇ ಮಾಲು ಅಂತ ಒಬ್ಬ ಅಪ್ಪನ ತಲೆಗೆ ಕಟ್ಟಿದ್ದ. ಅಪ್ಪನ ವ್ಯಾಪಾರ ಅವತ್ತೇ ಮುಗಿದಿತ್ತು.

ಈಗ ನಗರವೆಂಬ ತಮ್ಮೂರಿನ ಕೋಟೆ ನೋಡಲು ಬರುವವರಿಗಾಗಿ ರಸ್ತೆ ಬದಿಯ ಅಂಗಳದಲ್ಲಿ ಅವಳದೊಂದು ತಿಂಡಿ ಹೋಟೆಲ್ ಶುರುವಾಗಬೇಕು. ಉಳಿತಾಯವೆಲ್ಲ ಒಲೆಗೆ, ಪಾತ್ರೆಗೆ ಹೋಗಿತ್ತು. ಹೊಸ ಕುರ್ಚಿಯ ಮಾತೇ ಇಲ್ಲ. ಈ ಹಳೆಯವು ಮೊದಲ ದಿನವೇ ಯಾರನ್ನಾದರೂ ಕೆಡವಿದರೆ? ಮತ್ತೆ ಯಾರು ಬರುತ್ತಾರೆ!

ಕುರ್ಚಿಗಳ ಹಿಂದೆಯೇ ಅವನೂ ಬಂದ. ಕರೆಯದೇ!

"ರಿಪೇರಿಗೆ ಕೈ ಹಾಕ್ತೀನಿ. ಕೂಲಿ ಬೇಡ."

"ಯಾಕ್ ಬೇಡ?"

"ಹೀಗೇ..."

ಹೀಗೇ ಅಂತೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ತಡವರಿಸಿದ್ದನ್ನು ಅವಳು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಆದರೂ ಕೆಲಸ ಸಾಗಿತು. ಪಾಚಿ ತೊಳೆದರು, ಉಪ್ಪುಕಾಗದ ಉಜ್ಜಿದರು. ಅಮ್ಮ ಹೂವಮ್ಮ ಹಳೇ ಸೀರೆಗಳಿಂದ ದಿಂಬಿನ ಚೀಲ ಹೊಲಿದಳು. ಪಕ್ಕದ ಮನೆಯ ಗೇಟಿಗೆ ಬಳಿದು ಉಳಿದ ಹಸಿರಿಗೆ, ಯಾರದೋ ಕಿಟಕಿಯ ಹಳದಿ ಬೆರೆಸಿದಾಗ ಮಾವಿನ ಚಿಗುರಿನಂಥ ಬಣ್ಣ ಬಂತು. ಅವನ ಮೂಗಿನ ಮೇಲೂ ಒಂದು ಚುಕ್ಕೆ ಬಿತ್ತು. ಒರೆಸಲೆಂದು ಅವಳ ಕೈ ತಾನಾಗಿ ಮೇಲೆದ್ದಿತು!

ಛೀ, ಏನಾಗಿದೆ ನನಗೆ? ಇಂಥವರೇ ಮೋಸ ಮಾಡೋದು...

ನಾಲ್ಕು ಕುರ್ಚಿಗಳನ್ನು ಅವನು ಹಿತ್ತಲಿನ ಚಪ್ಪರದಲ್ಲಿ ಬೇರೆಯಾಗಿ ಇಟ್ಟ.

"ಅವನ್ನ ಮುಟ್ಬೇಡಿ. ನಾಡಿದ್ದು ನಾನೇ ಬಂದು ಪೇಂಟ್ ಹೊಡೀತೀನಿ."

"ಯಾಕ್ ಮುಟ್ಬಾರ್ದು?"

"ಒಣಗ್ಲಿ ಅಂತ... ಅಷ್ಟೇ." ಅವಳ ಕಣ್ಣು ತಪ್ಪಿಸಿ ಬೈಕ್ ಹತ್ತಿದ.

ಅನುಮಾನಂ ಪೆದ್ದರೋಗಂ ಅಂತಾರೆ. ಆ ರೋಗ ಅವಳನ್ನು ಸೀದಾ ಹಿತ್ತಲಿಗೆ ಎಳೆದೊಯ್ದಿತು. ಕುರ್ಚಿ ಮಗುಚಿ ನೋಡಿದರೆ ಕಾಲಿನ ತುದಿಗೆ, ಕೂರುವ ಹಲಗೆಯ ಅಡಿಗೆ ಕಂದು ಅಂಟು ಮೆತ್ತಿತ್ತು.

ಚೊಗರು!

ಹಾಳು ಮರಕ್ಕೆ ಬಣ್ಣ ಕಟ್ಟಿದ್ದಾನೆ. ಅಪ್ಪನಿಗೆ ಆದದ್ದೇ ತನಗೂ ಆಯಿತು. ಕಣ್ಣಲ್ಲಿ ನೀರು ತುಂಬಿ ಬಂತು. ಮೋಸ ಹೋದದ್ದಕ್ಕಿಂತ ಮೋಸ ಮಾಡಿದವನು ಅವನು ಎಂಬುದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. ತೆಂಗಿನ ನಾರು, ನೀರು ತಂದು ಬರಿಗೈಯಲ್ಲೇ ತಿಕ್ಕಿದಳು. ಒಳಗಿನ ಹುಳುಕು ಅವನ ಮುಖಕ್ಕೇ ತೋರಿಸಬೇಕಿತ್ತು.

ಬೆಳಿಗ್ಗೆ ಎದ್ದಾಗ ಎರಡೂ ಅಂಗೈ ಬೆಂಕಿಯಾಗಿದ್ದವು. ಬೆರಳ ಸಂದಿಯಲ್ಲೆಲ್ಲ ಬೊಬ್ಬೆ.

ಹೂವಮ್ಮ ಗಾಬರಿಯಿಂದ ಫೋನ್ ಮಾಡಿದಳು. ಅವನು ಸಾಗರದಿಂದ ಹೇಗೆ ಬಂದನೋ, ತಿಂಡಿ ಹೊತ್ತಿಗೆಲ್ಲ ಅಂಗಳದಲ್ಲಿದ್ದ.

"ಬಂದ್ರಾ? ಮರಕ್ಕೆ ಚೊಗರು ಬಳಿದು ನಂಗೆ ಟೋಪಿ ಹಾಕೋಕೆ ಹೊರಟಿದ್ರಲ್ಲ!" ಅವಳು ಬೊಬ್ಬೆ ಎದ್ದ ಕೈಗಳನ್ನು ಅವನ ಮುಂದೆ ಚಾಚಿದಳು. "ಅದಕ್ಕೇ ಅಲ್ವಾ ಬೆಲೆ ಇಳಿಸಿದ್ದು?"

ಅವನು ಅವಳ ಕೈ ನೋಡಿ ಬಿಳಿಚಿಕೊಂಡ.

"ಚೊಗರಲ್ಲ ಮಾರಾಯ್ತಿ... ಗೇರೆಣ್ಣೆ! ಗೇರುಬೀಜದ ಸಿಪ್ಪೆ ಎಣ್ಣೆ. ಗೆದ್ದಲು ಹತ್ಬಾರ್ದು ಅಂತ ಹಚ್ಚಿದ್ದು. ಹಸಿ ಇದ್ದಾಗ ಮುಟ್ಟಿದ್ರೆ ಸುಡುತ್ತೆ!"

ಸುಪ್ರಿಯಾ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

ಅವನು ಕೊಬ್ಬರಿ ಎಣ್ಣೆ ತರಿಸಿ, ಹತ್ತಿಯಲ್ಲಿ ಅದ್ದಿ ಹಗುರವಾಗಿ ಸವರಿದ.

"ಗೇರೆಣ್ಣೆ ಅಂತ ಮೊದ್ಲೇ ಹೇಳೋಕೆ ಎಂತ ಆಗಿತ್ತು?"

"ಹೆಸರು ಕೇಳಿದ್ರೇ ಜನ ಹೆದರ್ತಾರೆ. ಹೋಟೆಲಿಗೆ ಬೇಡ ಅಂದ್ಬಿಡ್ತೀರಿ ಅನ್ಕೊಂಡೆ. ನನ್ನದೇ ತಪ್ಪು."

"ಮತ್ತೆ ಬೆಲೆ?"

ಅವನು ತಲೆ ತಗ್ಗಿಸಿದ. "ಎರಡು ಮಳೆಗಾಲ ಹೊರಗೇ ಬಿದ್ದಿದ್ವು. ಕೆಲವದರ ಕಾಲು ಮೆತ್ತಗಾಗಿತ್ತು. ನೀವು ಹಿಡಿದ ಬೆಲೆ ತಗೊಂಡಿದ್ರೆ ಮೋಸ ಆಗ್ತಿತ್ತು. ನನ್ನಕ್ಕ ಅಲ್ಲೇ ನಿಂತಿದ್ಲು, ಬಾಯ್ಬಿಟ್ಟು ಹೇಳಿದ್ರೆ ನನ್ನ ಬಿಡ್ತಿರ್ಲಿಲ್ಲ. ಟವೆಲ್ ಕೆಳಗಾದ್ರೆ ಯಾರಿಗೂ ಕಾಣಲ್ಲ ಅಲ್ವಾ..."

"ಆಮೇಲಾದ್ರೂ ನಂಗೆ ಹೇಳ್ಬಹುದಿತ್ತು."

"ಹೇಳಿದ್ಮೇಲೆ ನೀವು ಕುರ್ಚಿ ವಾಪಸ್ ಕಳಿಸಿಬಿಟ್ರೆ... ಇಲ್ಲಿಗೆ ಬರೋಕೆ ಬೇರೆ ನೆಪ ಇರ್ಲಿಲ್ಲ."

ಹೂವಮ್ಮನಿಗೆ ಥಟ್ಟನೆ ಒಲೆಯ ಮೇಲಿನ ಹಾಲು ನೆನಪಾಯಿತು. ಒಲೆಯ ಮೇಲೆ ಹಾಲಿರಲಿಲ್ಲ ಅನ್ನುವುದು ಬೇರೆ ಮಾತು!

ಅವನು ಅವಳನ್ನು ಹೊಸನಗರಕ್ಕೆ, ಡಾಕ್ಟರ ಹತ್ತಿರ ಕರೆದೊಯ್ದ. ದಾರಿಯುದ್ದಕ್ಕೂ ಸುಪ್ರಿಯಾಗೆ ನಾಚಿಕೆಯಾಗುತ್ತಿತ್ತು. ಯಾರದೋ ಮೋಸಕ್ಕೆ ಇವನನ್ನು ಶಿಕ್ಷಿಸುತ್ತಿದ್ದೆನಲ್ಲ! ಹೀಗೇ ಎಲ್ಲರನ್ನೂ ಅನುಮಾನಿಸುತ್ತಾ ಹೋದರೆ, ಎದುರಿಗೆ ಬಂದು ನಿಂತ ಒಳ್ಳೆಯವನೂ ಒಂದು ದಿನ ಬೇಸತ್ತು ಹೋಗಿಬಿಡುತ್ತಾನೆ.

ಹೋಟೆಲ್ ಶುರುವಾದ ದಿನ ಅವಳ ಕೈಗೆ ಇನ್ನೂ ಬ್ಯಾಂಡೇಜ್ ಇತ್ತು. ಚಿಗುರು ಬಣ್ಣದ ಕುರ್ಚಿಗಳಲ್ಲಿ ಕೋಟೆಯಿಂದ ಇಳಿದ ಜನ ಕಾಲು ಚಾಚಿ ಕೂತರು. ಒಂದೂ ಅಲುಗಲಿಲ್ಲ. ಕಾವಲಿಯ ಮುಂದೆ ಹರ್ಷವರ್ಧನ ಬೆವರುತ್ತಾ ದೋಸೆ ಹೊಯ್ಯುತ್ತಿದ್ದ. ಒಂದೂ ದುಂಡಗೆ ಬರುತ್ತಿರಲಿಲ್ಲ.

ಸುಪ್ರಿಯಾ ಹತ್ತಿರ ಬಂದು ನಿಂತಳು.

"ಸಂಜೆ ಅಪ್ಪನ ಹತ್ರ ಮಾತಾಡಿ."

ಸಟ್ಟುಗ ಅವನ ಕೈಯಲ್ಲೇ ನಿಂತಿತು. "ಎಂತ... ಎಂತ ಮಾತಾಡ್ಲಿ?"

"ಏನೂ ಮುಚ್ಚಿಡ್ದೆ ಎಲ್ಲಾ ಹೇಳಿ."

"ಗೇರೆಣ್ಣೆ ವಿಷ್ಯನೂ?"

"ಮೊದ್ಲು ಅದನ್ನೇ ಹೇಳಿ."

"ಬೈದು ಹೊರಗೆ ಹಾಕಿದ್ರೆ?"

ಅವಳು ಅವನ ಕಣ್ಣನ್ನೇ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮನಸ್ಸಿನಲ್ಲಿ ಒಂದು ಪ್ರಶ್ನೆಯೂ ಉಳಿದಿರಲಿಲ್ಲ.

"ಹಾಕಲ್ಲ... ನಂಗೆ ನೀವೇ ಬೇಕು ಅಂತ ನಾನು ಬೆಳಿಗ್ಗೇನೇ ಅಪ್ಪಂಗೆ ಹೇಳಿ ಆಗಿದೆ."