ಅಜ್ಜಿಯ ಹೊಟ್ಟೆಯಲ್ಲಿ ಕೇಳಿಸಿದ್ದು

ದೆವ್ವಗಿವ್ವ ನಂಬುವವಳಲ್ಲ ನಾನು, ನರ್ಸು. ಕರುಳು ತಿರುಚಿಕೊಂಡು ಆಪರೇಷನ್ ಆದವರ ಹೊಟ್ಟೆಯಲ್ಲಿ ಮತ್ತೆ ಗುಳುಗುಳು ಸದ್ದು ಕೇಳುವವರೆಗೂ ನಾವು ಹನಿ ನೀರೂ ಕೊಡುವುದಿಲ್ಲ.

ಆ ಮಧ್ಯಾಹ್ನ, ಹಿಂದಿನ ದಿನ ಅಂಥದ್ದೇ ಆಪರೇಷನ್ ಆಗಿದ್ದ ಕಿಟಕಿ ಪಕ್ಕದ ಅಜ್ಜಿಯ ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟೆ. ಬಿಸಿಲು ಬಿದ್ದಿದ್ದರೂ ಹೊಟ್ಟೆ ತಣ್ಣಗಿತ್ತು. ಒಳಗೆ ಯಾರೋ ರಾಗ ಗುನುಗುತ್ತಿದ್ದರು.

ನಮ್ಮ ಸರ್ಜನ್ ಹೊಟ್ಟೆ ಕೊಯ್ಯುವಾಗಲೆಲ್ಲ ಗುನುಗುವ ರಾಗ ಅದು. ಅವರು ಅರ್ಧಕ್ಕೆ ಮರೆತು ಮತ್ತೆ ಮೊದಲಿಂದ ಶುರುಮಾಡುತ್ತಾರೆ. ಒಳಗಿನದು ಮಾತ್ರ ನಿಲ್ಲದೆ ಮುಂದಕ್ಕೆ ಹೋಗುತ್ತಿತ್ತು.

"ಸರ್, ನೀವೇ ಒಂದ್ಸಲ ಕೇಳಿ."

ನಾನು ಕರೆಸಿದ್ದಕ್ಕೆ ಬಂದ ಸರ್ಜನ್ ಬಹಳ ಹೊತ್ತು ಕಿವಿಗೊಟ್ಟರು. ಮುಖ ಬಿಳಿಚಿಕೊಂಡಿತು.

"ಒಂದು ಗುಟುಕು ನೀರು ಕೊಡಪ್ಪಾ," ಎಂದರು ಅಜ್ಜಿ.

"ಈಗ್ಲೇ ಬೇಡಮ್ಮ. ಒಳಗೆ ಬರೀ ಗಾಳಿ," ಎಂದರು ಸರ್ಜನ್.

ಮರುದಿನ ಇನ್ನೊಬ್ಬರ ಹೊಟ್ಟೆ ಕೊಯ್ಯುತ್ತಾ ಅವರು ಅದೇ ರಾಗ ಗುನುಗಿದರು. ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ.