ಮ್ಯಾಡ್ರಿಡ್ ಗೆದ್ದರೆ ಮದುವೆ

"ನಿಮ್ಮ ಮ್ಯಾಡ್ರಿಡ್‌ನವರು ಮೂರು ಸಲ ಸೋಲಿನ ಬಾಯಾಗ ಹೋಗಿ ತಿರುಗಿ ಬಂದಾರ. ಅದಕ್ಕ ಆಟ ಅನ್ನೂದಿಲ್ಲ, ನಸೀಬ ಅಂತಾರ."

ಬೈಲಹೊಂಗಲದ ಬಜಾರಿನಲ್ಲಿರುವ ಸದಾಶಿವನ ಸ್ಪೋರ್ಟ್ಸ್ ಅಂಗಡಿಗೆ ಕಾಲಿಟ್ಟ ಗಂಗಾಳ ಕಿವಿಗೆ ಮೊದಲು ಬಿದ್ದದ್ದು ಈ ಮಾತು. ಆಡಿದವನು ಕೌಂಟರಿಗೆ ಒರಗಿ ನಿಂತಿದ್ದ. ಅವಳಿಗೆ ಕಂಡದ್ದು ಅವನ ಬೆನ್ನು ಮತ್ತು ಆ ಬೆನ್ನಿನ ಮೇಲಿದ್ದ ಲಿವರ್‌ಪೂಲಿನ ಕೆಂಪು ಜರ್ಸಿ. ಅಷ್ಟು ಸಾಕಾಯಿತು, ಸಿಟ್ಟು ಅವಳ ನೆತ್ತಿಗೇರಿತು.

"ನಸೀಬ ಒಂದ ಸಲ ಕೈ ಹಿಡೀತೈತ್ರಿ," ಎಂದಳು ಬಾಗಿಲಿನಿಂದಲೇ. "ಮೂರು ಸಲ ಎದ್ದು ಬಂದ್ರ ಅದಕ್ಕ ಗುಂಡಿಗಿ ಅಂತಾರ."

ಅವನು ತಿರುಗಿದ. ಏನೋ ಹೇಳಲು ಬಾಯಿ ತೆರೆದವನು, ಅವಳನ್ನು ನೋಡಿ ಅದನ್ನು ಮರೆತೇಬಿಟ್ಟ.

ಎಪಿಎಂಸಿಯಲ್ಲಿ ತಂದೆ ದುಂಡಪ್ಪನ ದಲಾಲಿ ಅಡತಿ ಅಂಗಡಿ ನೋಡಿಕೊಳ್ಳುವ ಗಂಗಾಳಿಗೆ ಗಂಡಸರ ಗುಂಪಿನಲ್ಲಿ ದನಿ ಎತ್ತುವುದು ಹೊಸದೇನಲ್ಲ. ಹತ್ತಿ ವ್ಯಾಪಾರಿಗಳ ಬಾಯನ್ನೇ ಮುಚ್ಚಿಸಿದವಳು ಅವಳು. ಬೆಳಗಾವಿಯಲ್ಲಿ ಓದುವಾಗ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗಿದ್ದಳು, ಅಂದಿನಿಂದ ಮ್ಯಾಡ್ರಿಡ್ ತಂಡವೆಂದರೆ ಜೀವ. ಆದರೆ ಆ ಸಂಜೆ, ಎದುರಿಗಿದ್ದವನ ಕಣ್ಣಲ್ಲಿ ಕಣ್ಣಿಟ್ಟಾಗ, ಎದೆ ಯಾಕೆ ಹಾಗೆ ಹೊಡೆದುಕೊಂಡಿತೋ ಅವಳಿಗೇ ತಿಳಿಯಲಿಲ್ಲ.

"ಇವರು ಗೌರೀಶ ಮಾಸ್ತರು. ಸವದತ್ತಿ ಹೈಸ್ಕೂಲಿನಾಗ ಪಿ.ಟಿ. ಮಾಸ್ತರ," ಎಂದ ಸದಾಶಿವ. "ಮಾಸ್ತರ, ಇವರು ಗಂಗಕ್ಕ. ಹುಷಾರಿಂದ ಮಾತಾಡ್ರಿ."

ಪ್ಯಾರಿಸ್‌ನಲ್ಲಿ ಮ್ಯಾಡ್ರಿಡ್, ಲಿವರ್‌ಪೂಲ್ ನಡುವಿನ ಫೈನಲ್ ನಡೆಯಲು ಇನ್ನೂ ಒಂದು ವಾರವಿತ್ತು. ಸುತ್ತಲಿನ ಊರುಗಳ ಫುಟ್‌ಬಾಲ್ ಹುಚ್ಚರೆಲ್ಲ ಸಂಜೆಯಾದರೆ ಆ ಅಂಗಡಿಗೆ ಬಂದು ಬೀಳುತ್ತಿದ್ದರು. ಅಂದೂ ವಾದ ಏರಿತು, ಚಹಾ ಆರಿತು, ಯಾರೂ ಸೋಲಲಿಲ್ಲ. ಕೊನೆಗೆ ಕಿತ್ತೂರಿನ ಬಾಳೇಶ ತಾಳ್ಮೆ ಕಳೆದುಕೊಂಡ.

"ಬರೇ ಮಾತಾಡಿದ್ರ ಏನ್ ಬಂತು? ಶರತ್ತು ಕಟ್ರಿ."

ಈ ಸೀಮೆಯಲ್ಲಿ ಶರತ್ತು ಎಂದರೆ ಉಣ್ಣುವವನೂ ತಾಟು ಬಿಟ್ಟು ಏಳುತ್ತಾನೆ. ಜೋಳದ ಚೀಲ ಹೊರುವುದಕ್ಕೂ ಶರತ್ತು, ಎತ್ತು ಓಡಿಸುವುದಕ್ಕೂ ಶರತ್ತು. ನಾಲ್ಕು ಜನರ ಮುಂದೆ ಇಬ್ಬರು ಕೈ ಹಿಡಿದು, ಮೂರನೆಯವನು ಆ ಕೈ ಬಿಡಿಸಿದನೆಂದರೆ ಮುಗಿಯಿತು. ಮುರಿದವನನ್ನು ಮುಂದೆ ಯಾರೂ ಮಾತಿನ ಮನುಷ್ಯ ಎನ್ನುವುದಿಲ್ಲ.

"ಲಿವರ್‌ಪೂಲ್ ಗೆದ್ರ ನಾ ಕೆಂಪು ಜರ್ಸಿ ಹಾಕ್ಕೊಂಡು ಬಸ್ ಸ್ಟ್ಯಾಂಡತನಕ ನಡೀತೇನಿ," ಎಂದಳು ಗಂಗಾ. "ನಿಮ್ಮದೇನ್ರಿ?"

"ಮಾಸ್ತರ, ನಿಮ್ಮವ್ವಾರು ಕನ್ಯಾ ನೋಡೂಣು ಅಂತ ಬೆನ್ನ ಹತ್ಯಾರಂತಲ್ಲ, ಅದನ್ನ ಇಡ್ರಿ," ಎಂದು ಸದಾಶಿವ ಕೆಣಕಿದ.

ಗೌರೀಶ ನಕ್ಕ. "ಇಟ್ಟೆ. ಮ್ಯಾಡ್ರಿಡ್ ಗೆದ್ರ ಅವ್ವ ಮೊದಲ ತೋರಿಸಿದ ಹುಡುಗೀಗೆ ಹೂಂ ಅಂತೇನಿ. ಯಾರರ ಇರವಲ್ರ್ಯಾಕ. ಅದಕ್ಕಿಂತ ದೊಡ್ಡ ದಂಡ ನನಗ ಬ್ಯಾರೇದಿಲ್ಲ."

ಎಲ್ಲರಿಗಿಂತ ಜೋರಾಗಿ ನಕ್ಕವಳು ಗಂಗಾ. "ಪಾಪ, ಯಾವ ಹುಡುಗಿನೋ," ಎನ್ನುತ್ತ ಕೈ ಚಾಚಿದಳು.

ಅವನ ಕೈ ಬೆಚ್ಚಗಿತ್ತು. ಸದಾಶಿವ ಆ ಕೈಗಳನ್ನು ಬಿಡಿಸಲು ಯಾಕೋ ತಡ ಮಾಡಿದ, ಅವರಿಬ್ಬರೂ ಅವಸರ ಮಾಡಲಿಲ್ಲ.

ಆಮೇಲಿನ ಸಂಜೆಗಳಲ್ಲಿ ಗಂಗಾ ಎಪಿಎಂಸಿಯಿಂದ ನೇರ ಮನೆಗೆ ಹೋದದ್ದೇ ಇಲ್ಲ. ಗೌರೀಶನೂ ಶಾಲೆ ಮುಗಿಸಿ ಸವದತ್ತಿಯಿಂದ ಬೈಕ್ ಹತ್ತುತ್ತಿದ್ದ. ಜಗಳವಾಡಲಿಕ್ಕೆ ಅಷ್ಟು ದೂರದಿಂದ ಬರುವವರನ್ನು ನೀವು ನೋಡಿದ್ದೀರೋ ಇಲ್ಲವೋ, ಬೈಲಹೊಂಗಲದ ಬಜಾರಿನವರಂತೂ ನೋಡಿದರು.

ಒಮ್ಮೆ ಬಾಳೇಶ ಚಹಾ ತರಲು ಹೋದಾಗ ಗೌರೀಶ ಮೆಲ್ಲಗೆ ಹೇಳಿದ್ದ, "ಹಿಂದಕ್ಕ ನಾವು ನಿಮಗ ಫೈನಲ್‌ನಾಗ ಸೋತಿದ್ವಲ್ರಿ, ನಮ್ಮ ಕೀಪರ್ ಮೈದಾನದಾಗ ನಿಂತು ಅತ್ತಿದ್ದ. ಅದನ್ನ ನೋಡಿ ನಾ ಎರಡ ದಿನ ಉಂಡಿರಲಿಲ್ಲ. ಯಾರಿಗೂ ಹೇಳಬ್ಯಾಡ್ರಿ ಮತ್ತ."

ಅಣಕಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. ಗಂಗಾ ಅಣಕಿಸಲಿಲ್ಲ.

"ಗೋಲ್ ಬಿಟ್ಟ ಕೀಪರ್‌ಗೆ ಏನ್ ಆಗತೈತಿ ಅಂತ ನನಗ ಗೊತ್ತೈತ್ರಿ," ಎಂದಳು. "ನಾನೂ ಬಿಟ್ಟೇನಿ."

ಅವನು ಅವಳನ್ನೇ ನೋಡಿದ. ಆ ರಾತ್ರಿ ಮಲಗಿದಾಗ ಅವಳಿಗೆ ಗೊತ್ತಾಯಿತು, ತಾನು ಇವನನ್ನು ಪ್ರೀತಿಸುತ್ತಿದ್ದೇನೆ... ಅದೂ ಒಬ್ಬ ಲಿವರ್‌ಪೂಲಿನವನನ್ನು!

ಗುರುವಾರ ಬೆಳಿಗ್ಗೆ ದುಂಡಪ್ಪ ರೊಟ್ಟಿ ಮುರಿಯುತ್ತ ಹೇಳಿದ. "ನಾಳೆ ರಾಮದುರ್ಗದವರು ನಿನ್ನ ನೋಡಾಕ ಬರಾಕ ಹತ್ತ್ಯಾರ. ಅಂಗಡಿಗೆ ಬರಬ್ಯಾಡ. ಹುಡುಗ ಸವದತ್ತ್ಯಾಗ ಪಿ.ಟಿ. ಮಾಸ್ತರ ಅದಾನ. ಗೌರೀಶ ಅಂತ."

ಗಂಗಾಳ ಕೈಯಲ್ಲಿದ್ದ ತುತ್ತು ತಾಟಿಗೇ ಬಿತ್ತು.

ಮೊದಲ ಕ್ಷಣ ಸಂತೋಷ. ಎರಡನೆಯ ಕ್ಷಣಕ್ಕೆ ಆ ಮಾತು ನೆನಪಾಯಿತು. ಅವ್ವ ಮೊದಲ ತೋರಿಸಿದ ಹುಡುಗಿ... ಅದಕ್ಕಿಂತ ದೊಡ್ಡ ದಂಡ ಬ್ಯಾರೇದಿಲ್ಲ.

'ಅಯ್ಯೋ, ಆ ಹುಡುಗಿ ನಾನೇ. ನಾನೇ ಕೈ ಹಿಡಿದು ಶರತ್ತು ಕಟ್ಟಿದೆ. ಮ್ಯಾಡ್ರಿಡ್ ಗೆದ್ದರೆ ಅವನು ದಂಡ ತೆತ್ತ ಹಾಗೆ ನನ್ನನ್ನು ಕಟ್ಟಿಕೊಳ್ಳುತ್ತಾನೆ. ಸೋತರೆ? ಪಾರಾದೆ ಎಂದುಕೊಳ್ಳುತ್ತಾನೇನೋ...'

ಹುಟ್ಟಿದಾಗಿನಿಂದ ಯಾರ ಹಂಗಿನಲ್ಲೂ ಇರದ ಹುಡುಗಿಗೆ ಇದಕ್ಕಿಂತ ದೊಡ್ಡ ಅವಮಾನ ಯಾವುದಿದೆ? ಆದರೂ ಒಂದು ಆಸೆ ಉಳಿದಿತ್ತು. ಅವನು ಬರಲಿ, ನೋಡಲಿ, ಏನೆನ್ನುತ್ತಾನೋ ಕೇಳೋಣ ಎಂದುಕೊಂಡಳು.

ಶುಕ್ರವಾರ ಅವರು ಬಂದರು. ಇಳಕಲ್ ಸೀರೆಯುಟ್ಟ ಗಂಗಾ ಚಹಾದ ತಾಟು ಹಿಡಿದು ಪಡಸಾಲೆಗೆ ಬಂದಾಗ ಗೌರೀಶ ಅವಲಕ್ಕಿ ತಿನ್ನುತ್ತಿದ್ದವನು ಹಾಗೇ ನಿಂತುಬಿಟ್ಟ. ಅವನ ಮುಖದಲ್ಲಿ ಮೊದಲು ದಿಗಿಲು, ಆಮೇಲೆ ತಡೆಯಲಾಗದ ಒಂದು ನಗು.

'ನಗುತ್ತಿದ್ದಾನೆ,' ಎಂದುಕೊಂಡಳು ಗಂಗಾ. ಅವಳ ಕಿವಿ ಬಿಸಿಯಾಯಿತು. 'ಸಿಕ್ಕಿಬಿದ್ದೆ ಅಂತ ನಗುತ್ತಿದ್ದಾನೆ.'

ಅವಳ ಆಯಿ, ಅಜ್ಜಿ ಗುರುಬಸವ್ವ ಯಜಮಾನಿಯಾಗಿದ್ದ ಆ ಮನೆಯಲ್ಲಿ ನೋಡಲು ಬಂದ ಹುಡುಗ, ಹುಡುಗಿ ಬೇರೆಯಾಗಿ ಕೂತು ಮಾತಾಡುವ ಪದ್ಧತಿ ಇರಲಿಲ್ಲ. ಗೌರೀಶನ ತಾಯಿ ದೇವಕ್ಕ ಹೋಳಿಗೆ ಬರುತ್ತದೆಯೇ, ಕಡಬು ಬರುತ್ತದೆಯೇ ಎಂದು ಕೇಳಿದಳು. ಗಂಗಾ ಉತ್ತರ ಕೊಟ್ಟಳು. ಅವನು ಒಂದು ಮಾತೂ ಆಡಲಿಲ್ಲ. ಹೊರಡುವಾಗ ದುಂಡಪ್ಪ ಕೈ ಮುಗಿದು, "ಹೆಂಗ್ರಿ ಮತ್ತ?" ಎಂದ.

"ಸೋಮವಾರ ಅಮಾಸಿ ಐತ್ರಿ," ಎಂದಳು ದೇವಕ್ಕ. "ಅಮಾಸಿ ಕಳೀಲಿ, ಹೇಳಿ ಕಳಸತೇವಿ."

ದುಂಡಪ್ಪನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅಮಾವಾಸ್ಯೆ ಎದುರಿಗಿಟ್ಟುಕೊಂಡು ಮದುವೆಯ ಮಾತನ್ನು ಯಾರು ಮುಗಿಸುತ್ತಾರೆ? ಬಾಗಿಲ ಹಿಂದೆ ನಿಂತಿದ್ದ ಗಂಗಾಳಿಗೆ ಮಾತ್ರ ಬೇರೆಯೇ ಲೆಕ್ಕ ಹೊಳೆಯಿತು. ಅಮಾವಾಸ್ಯೆ ಸೋಮವಾರ, ಫೈನಲ್ ಶನಿವಾರ.

'ಆಟ ಮುಗಿಯಲಿ ಅಂತ ಕಾಯುತ್ತಿದ್ದಾನೆ...'

ಅವಳು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಗುರುಬಸವ್ವ ಹಿಂದೆಯೇ ಬಂದಳು.

"ಮಾರಿ ಯಾಕ ಹಂಗ ಮಾಡೀಬೇ? ಹುಡುಗ ಚೊಲೊ ಅದಾನ."

"ಚೊಲೊ ಅದಾನ ಆಯಿ. ಅದ ತ್ರಾಸ."

ಸಂಜೆ ಮೊಬೈಲಿನಲ್ಲಿ ಫುಟ್‌ಬಾಲ್ ಗ್ರೂಪ್ ತೆರೆದರೆ ಬಾಳೇಶ ಬರೆದಿದ್ದ: 'ಮಾಸ್ತರ, ಕನ್ಯಾ ನೋಡಾಕ ಹೋಗಿದ್ರಂತ? ಶನಿವಾರ ಮ್ಯಾಡ್ರಿಡ್ ಗೆದ್ರ ನಿಮ್ಮ ಕಥಿ ಮುಗೀತು.' ಕೆಳಗೆ ಹತ್ತಾರು ನಗುವ ಮುಖಗಳು. ಗೌರೀಶನ ಉತ್ತರವಿರಲಿಲ್ಲ. ಗಂಗಾ ಕಣ್ಣೊರೆಸಿಕೊಂಡು ಆ ಗ್ರೂಪಿನಿಂದ ಹೊರಬಿದ್ದಳು.

ಶನಿವಾರ ಇಡೀ ದಿನ ಎಪಿಎಂಸಿಯಲ್ಲಿ ಕೂತು ಅವಳು ಒಂದೇ ವಿಷಯ ಯೋಚಿಸಿದಳು. ಮ್ಯಾಡ್ರಿಡ್ ಗೆಲ್ಲಲಿ ಎಂದು ಬೇಡಲು ಬಾಯಿ ಬರಲಿಲ್ಲ. ಸೋಲಲಿ ಎನ್ನಲು ಮನಸ್ಸು ಒಪ್ಪಲಿಲ್ಲ. ಗೆದ್ದ ಮೇಲೆ ಅವನು ಹೂಂ ಎಂದರೆ ಅದು ಶರತ್ತಿನ ಹೂಂ. ಅಂಥ ಹೂಂ ಇಟ್ಟುಕೊಂಡು ಒಬ್ಬನ ಜೊತೆ ಹೇಗೆ ಬಾಳುವುದು?

ಉಳಿದದ್ದು ಒಂದೇ ದಾರಿ. ಶರತ್ತೇ ಇಲ್ಲದಂತಾಗಬೇಕು. ಆಮೇಲೆ ಅವನು ಬೇಡ ಎಂದರೂ ಸರಿ, ಅದು ಅವನ ಸ್ವಂತ ಮಾತಾಗಿರುತ್ತದೆ.

ಹೊತ್ತು ಮುಳುಗುವ ಮೊದಲೇ ಅವಳು ಅಂಗಡಿಗೆ ಬಂದಳು. ಹೊರಗೆ ಸದಾಶಿವ ಪರದೆ ಕಟ್ಟಿಸುತ್ತಿದ್ದ. ಕೆಂಪು, ಬಿಳಿ ಜರ್ಸಿಗಳ ಗದ್ದಲ. ಒಂದು ಮೂಲೆಯ ಖುರ್ಚಿಯಲ್ಲಿ ಗೌರೀಶ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಎದ್ದ.

ಅವಳು ಅವನತ್ತ ನೋಡಲಿಲ್ಲ. "ಸದಾಶಿವಣ್ಣಾ, ಒಂದು ಲಿವರ್‌ಪೂಲ್ ಜರ್ಸಿ ಕೊಡ್ರಿ."

"ತಂಗಿ, ಮ್ಯಾಚ್ ಇನ್ನೂ ಶುರುನ ಆಗಿಲ್ಲ..."

"ಕೊಡ್ರಿ ಅಂದ್ನಲ್ಲ."

ಚೂಡಿದಾರದ ಮೇಲೆಯೇ ಆ ಜರ್ಸಿ ತೊಟ್ಟಳು. ಗದ್ದಲ ತಾನಾಗಿ ನಿಂತಿತು.

"ಎಲ್ಲಾರೂ ಕೇಳ್ರಿ. ಶರತ್ತು ನಾ ಸೋತೇನಿ. ಮ್ಯಾಚ್‌ನಾಗ ಯಾರರ ಗೆಲ್ಲಲಿ, ಮಾಸ್ತರ ಏನೂ ಕೊಡೂದಿಲ್ಲ. ಅವರ ಮಾತಿಂದ ಅವರು ಖುಲ್ಲಾ."

ಬಾಳೇಶ ಸಿಳ್ಳೆ ಹಾಕಿದ. ಮ್ಯಾಡ್ರಿಡ್‌ನ ಹುಡುಗರು ತಲೆ ತಗ್ಗಿಸಿದರು, ಆಡುವ ಮೊದಲೇ ಸೋಲೊಪ್ಪಿದವಳನ್ನು ಅವರು ನೋಡಲಾರದಾದರು. ಗಂಗಾ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆಯತೊಡಗಿದಳು. ಬಜಾರಿನ ಮಂದಿಯೆಲ್ಲ ನೋಡುತ್ತಿದ್ದರು. ಅವಳು ಹೆಜ್ಜೆ ನಿಲ್ಲಿಸಲಿಲ್ಲ.

ಹಿಂದಿನಿಂದ ದಾಪುಗಾಲು ಕೇಳಿಸಿತು.

"ನಾ ಬ್ಯಾಡ ಅನ್ನೂದಕ್ಕ ಇಷ್ಟೆಲ್ಲ ಬೇಕಿತ್ತೇನ್ರಿ?" ಗೌರೀಶ ಅವಳ ಪಕ್ಕಕ್ಕೆ ಬಂದ. "ಗ್ರೂಪ್ ಬಿಟ್ಟಾಗನ ನನಗ ತಿಳದಿತ್ತು. ಎಲ್ಲಿ ಮ್ಯಾಡ್ರಿಡ್ ಗೆದ್ದು ನನಗ ಕೊರಳು ಕೊಡಬೇಕಾಗತೈತೊ ಅಂತ ನಿಮ್ಮ ಟೀಮನ್ನ ಬಿಟ್ಟುಕೊಟ್ರಿ. ಅಷ್ಟು ಬ್ಯಾಡಾದ್ನೇನು ನಾ?"

ಗಂಗಾ ಸರಕ್ಕನೆ ನಿಂತಳು. 'ಇವನೇನು ಹೇಳುತ್ತಿದ್ದಾನೆ?'

"ಬ್ಯಾಡಾದವನ ಸಲುವಾಗಿ ಯಾರರ ಇದನ್ನ ಹಾಕ್ಕೋತಾರೇನ್ರಿ?" ಜರ್ಸಿಯ ಅಂಚು ಹಿಡಿದು ಕೇಳಿದಳು. ತಡೆದಿದ್ದ ಕಣ್ಣೀರು ಇಳಿಯಿತು. "ದಂಡ ಅಂದಿದ್ರಿ ನೀವು. ಆ ದಂಡ ನಾನ ಆದೆ. ನಮ್ಮನಿಗೆ ಬಂದು ನಕ್ರಿ, ಒಂದು ಮಾತಾಡಲಿಲ್ಲ. ಮ್ಯಾಚ್ ಮುಗೀಲಿ ಅಂತ ಅಮಾಸಿ ನೆವ ಹೇಳಿ ಹೋದ್ರಿ."

"ನೆವ ಅಲ್ರಿ..." ಗೌರೀಶ ತಲೆ ಮೇಲೆ ಕೈ ಇಟ್ಟುಕೊಂಡ. "ನೀವ ಅಂತ ನನಗ ಗೊತ್ತಿರಲಿಲ್ಲ. ದುಂಡಪ್ಪನವರ ಮಗಳು ಅಂದಿದ್ಲು ಅವ್ವ, ಅಷ್ಟ. ಆ ಚಹಾದ ತಾಟಿನ ಹಿಂದ ನಿಮ್ಮ ಮಾರಿ ಕಂಡ್ರ ನಗು ಹೆಂಗ ತಡೀಲಿ? ನಿಮ್ಮ ಓಣಿ ದಾಟೂದ್ರಾಗ ಹೂಂ ಅಂದೇನಿ ನಾ. ಕಾರಿನ್ಯಾಗ ಅವ್ವ ನನ್ನ ಬಾಯಿ ಮುಚ್ಚಿದ್ಲು. ಅಮಾಸಿ ಮುಂದ ಚೊಲೊ ಸುದ್ದಿ ಆಡಿದ್ರ ಕೆಡತೈತಿ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಮಾತು ತಗೊಂಡ್ಲು."

"ಹೂಂ... ಅಂದಿದ್ರಿ?"

"ಅಂದಿದ್ನಿ. ಆ ಶರತ್ತು ನನಗ ನೆನಪೂ ಇರಲಿಲ್ಲ. ಬಾಳೇಶ ಗ್ರೂಪಿನ್ಯಾಗ ಬರದ ಮ್ಯಾಲ ನೆನಪಾತು. ಉತ್ತರ ಬರೀಲಾ ಅಂದ್ರ ಅವ್ವಗ ಮಾತು ಕೊಟ್ಟೇನಿ. ಅಷ್ಟೊತ್ತಿಗೆ ನೀವು ಹೊರಗ ಬಿದ್ದಿದ್ರಿ."

ಗಂಗಾ ಕಣ್ಣೊರೆಸಿಕೊಂಡಳು. "ಈಗ ಆ ಮಾತು ಮುರದ್ರಲ್ಲ."

"ಅಷ್ಟು ಮಂದಿ ಮುಂದ ನೀವು ಸೋತೇನಿ ಅಂದ್ರಿ. ನಾ ಅವ್ವನ ಕಡಿಂದ ಬೈಸಿಕೊಂಡ್ರ ಏನಾತು?"

ಸವದತ್ತಿಯ ಬಸ್ಸು ಹಾರ್ನ್ ಹೊಡೆಯುತ್ತ ಹತ್ತಿರ ಬಂತು. ಅವನು ಅವಳನ್ನು ರಸ್ತೆಯ ಬದಿಗೆ ಕರೆದು ನಿಲ್ಲಿಸಿದ. ಬಸ್ಸು ದಾಟಿ ಹೋಯಿತು. ಆಮೇಲೆ ಅವನು ಹೇಳಿದ ಮಾತು ಗಂಗಾ ಆ ಮೂರು ದಿನಗಳಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ.

"ಎಲ್ಲಾರೂ ನನ್ನ ಉತ್ತರಕ್ಕ ಕಾಯಾಕ ಹತ್ತ್ಯಾರ. ನಿಮ್ಮನ್ನ ಯಾರೂ ಕೇಳಿಲ್ಲ. ನಾ ಕೇಳತೇನಿ. ನಾ ನಿಮಗ ಮನಸಿಗೆ ಬಂದೇನೇನ್ರಿ? ಇಲ್ಲ ಅಂದ್ರ ಇಲ್ಲ ಅನ್ರಿ. ನಾನ ನಿಮ್ಮ ಅಪ್ಪಾರಿಗೆ ಏನರ ಹೇಳಿ ತಪ್ಪಸತೇನಿ, ನಿಮ್ಮ ಮ್ಯಾಲ ಮಾತು ಬರಗೊಡೂದಿಲ್ಲ."

ಅವಳು ಅವನನ್ನು ನೋಡಿದಳು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು. ಅವನು ಮಾತ್ರ ಅವಳ ಒಂದು ಮಾತಿಗಾಗಿ ಕಾದು ನಿಂತಿದ್ದ.

"ನಾ ಮ್ಯಾಡ್ರಿಡ್ ಬಿಡೂದಿಲ್ಲ," ಎಂದಳು.

"ಬಿಡಬ್ಯಾಡ್ರಿ."

"ಇವತ್ತ ಗೆದ್ರ ಅಣಕಸತೇನಿ."

"ಅಣಕಸ್ರಿ."

"ನೀವು ಸೋತ್ರ ಉಪವಾಸ ಇರಬಾರದು. ನಾ ಬಡಿಸಿದ್ದು ಉಣ್ಣಬೇಕು."

ಗೌರೀಶನ ಕಣ್ಣು ತುಂಬಿ ಬಂತು. "ಅಂದ್ರ... ಹೂಂ ಅನ್ನಾಕ ಹತ್ತೀರೇನ್ರಿ?"

"ಆವತ್ತ ಅಂಗಡ್ಯಾಗ ನೀವು ತಿರುಗಿ ನೋಡಿದಾಗನ ಅಂದೇನಿ," ಎಂದಳು ಗಂಗಾ. "ನಿಮಗ ಇವತ್ತ ಕೇಳಿಸ್ತು."